ಗೊಬ್ಬರದ ಸಾಲಿಗೆ ಮಜ್ಜಿಗೆ

ಡಿಎಪಿ ಗೊಬ್ಬರದ ಲಾರಿ ಇವತ್ತು ಬಂದೇ ಬರುತ್ತದೆಂದು ಊರಿಗೆ ಊರೇ ಸೊಸೈಟಿಯ ಮುಂದೆ ಸಾಲುಗಟ್ಟಿತ್ತು. ಒಂದು ಚೀಲವಾದರೂ ಸಿಗದಿದ್ದರೆ ಗುತ್ಯಪ್ಪನ ಮೆಕ್ಕೆಜೋಳ ಮೇಲೇಳುವಂತಿರಲಿಲ್ಲ.

"ಈ ಗೊಬ್ಬರ ಮಾಡೋ ರಂಜಕದ ಕಲ್ಲೇ ಭೂಮಿಯೊಳಗೆ ಮುಗೀತಾ ಬಂದೈತಂತೆ. ಇನ್ಮೇಲೆ ರೊಟ್ಟಿ ತಿನ್ನೋರು ಸಾಹುಕಾರ್ರೇ ಬಿಡು" ಎಂದರು ಯಾರೋ.

ಪಕ್ಕದ ಹೊಲದ ಹಾಲಮ್ಮ ಮಾತ್ರ ಸಾಲಿಗೆ ನಿಲ್ಲದೆ ಎಲ್ಲರಿಗೂ ಪುಕ್ಕಟೆ ಮಜ್ಜಿಗೆ ಹಂಚುತ್ತಿದ್ದಳು. ಸಾಲು ಬಿಟ್ಟು ದೂರ ಹೋಗಲಾರದವರಿಗೆಂದು ಗೋಡೆಯ ಹಿಂದೆ ತಾಡಪಾಲು ಕಟ್ಟಿಸಿ, ಮೂತ್ರಕ್ಕೊಂದು ಮರೆಯನ್ನೂ ಮಾಡಿಸಿದ್ದಳು.

"ಪುಣ್ಯ ಕಟ್ಕೊಳ್ಳೋದು ಆಮೇಲೆ, ಮೊದ್ಲು ಸಾಲಿಗೆ ನಿಂತ್ಕೋ ಅಕ್ಕಾ. ನಿನ್ನ ಹೊಲಕ್ಕೇನು ಮಜ್ಜಿಗೆ ಹೊಯ್ತೀಯಾ?" ಗುತ್ಯಪ್ಪ ಛೇಡಿಸಿದ.

"ಬಿಸ್ಲು ಜೋರೈತೆ, ಇನ್ನೊಂದು ಲೋಟ ಕುಡಿ ತಮ್ಮಾ" ಎಂದು ಅವಳು ನಗುತ್ತ ತುಂಬಿಸಿದಳು. ಅವನು ಮತ್ತೆ ಮತ್ತೆ ಕುಡಿದ, ಮತ್ತೆ ಮತ್ತೆ ಮರೆಗೆ ಹೋಗಿಬಂದ.

ಸಂಜೆಯಾದರೂ ಲಾರಿ ಬರಲಿಲ್ಲ. ಬರಿಗೈಯಲ್ಲಿ ಹೊರಟ ಗುತ್ಯಪ್ಪ ಗೋಡೆಯ ಹಿಂದೆ ನೋಡಿದರೆ, ಹಾಲಮ್ಮ ಆ ಮರೆಯೊಳಗಿಂದ ತುಂಬಿದ ಕ್ಯಾನುಗಳನ್ನು ತಂದು ಗಾಡಿಗೆ ಏರಿಸುತ್ತಿದ್ದಳು.

"ಏನಕ್ಕಾ ಇದು?"

"ಗೊಬ್ಬರ ಕಣೋ ತಮ್ಮಾ. ನೀನೇ ಹೇಳಿದ್ಯಲ್ಲ, ನನ್ನ ಹೊಲಕ್ಕೆ ಮಜ್ಜಿಗೆ ಅಂತ!"