ಕೊನೆಗೆ ಬರುವವರು

ಹಗರಿಬೊಮ್ಮನಹಳ್ಳಿಯ ಆ ದೊಡ್ಡ ಶಾಲೆಯೆದುರು ಗಾಡಿ ನಿಲ್ಲಿಸಿ ಅರ್ಧ ಗಂಟೆಯಾದರೂ ಓಬಳೇಶ ಒಳಗೆ ಹೋಗುವ ಮಾತೇ ಆಡದಿದ್ದಾಗ ರೇಣುಕಾಗೆ ರೇಗಿತು. ಗೇಟಿನ ಮೇಲೆ ಆಳೆತ್ತರದ ಬ್ಯಾನರು, ಅದರ ತುಂಬ ಹೆಚ್ಚು ಅಂಕ ತೆಗೆದ ಮಕ್ಕಳ ಫೋಟೋ. ಅವಳು ಅದನ್ನು ಎರಡೆರಡು ಸಲ ಓದಿ ಮುಗಿಸಿದ್ದಳು. ಗಂಡ ಅದರತ್ತ ತಲೆ ಎತ್ತಿಯೂ ನೋಡಿರಲಿಲ್ಲ.

"ಸಾಲಿ ಬಿಡ್ಲಿ ತಡಿ. ಕಡೀಗೆ ಯಾರು ಬರ್ತಾರ ನೋಡೂಣು," ಎಂದ.

"ಮಕ್ಕಳೇನು ಕುರಿ ಏನ್ರಿ?"

ಹದಿನೈದು ವರ್ಷ ಕುರಿ ಕಾಯ್ದವನು ಅವನು. ಸಂಜೆ ಕುರಿ ಕೂಡುವ ರೊಪ್ಪದ ಬಾಯಲ್ಲಿ ನಿಂತವರು ಮುಂದೆ ಬರುವ ಟಗರನ್ನು ನೋಡುವುದಿಲ್ಲ. ಕುಂಟುತ್ತಲೋ ಕೆಮ್ಮುತ್ತಲೋ ಕೊನೆಗೆ ಬರುವ ಕುರಿಯನ್ನು ನೋಡುತ್ತಾರೆ. ಕಾಯುವವನು ಎಂಥವನೆಂದು ತಿಳಿಯುವುದು ಅಲ್ಲಿ. ಈಗ ಹಿಂಡನ್ನು ಅಣ್ಣನಿಗೆ ಒಪ್ಪಿಸಿ, ಸಾಮಾನು ಸಾಗಿಸುವ ಈ ಗಾಡಿ ಕೊಂಡಿದ್ದ. ಗಾಡಿ ಯಾವ ಊರಲ್ಲಾದರೂ ಓಡುತ್ತದೆ, ಹಾಗಾಗಿ ಮಕ್ಕಳ ಶಾಲೆ ನೋಡಿಯೇ ಊರು ಆರಿಸೋಣವೆಂದು ಇಬ್ಬರೂ ಮಾತಾಡಿಕೊಂಡಿದ್ದರು. ಅಜ್ಜಿಯ ಹತ್ತಿರ ಬಿಟ್ಟು ಬಂದಿದ್ದ ಚಿಕ್ಕವಳು ಕ್ರಾಂತಿ ಬಾಯಿಬಡುಕಿ, ಎಲ್ಲಿ ಹಾಕಿದರೂ ನಡೆದೀತು. ಚಿಂತೆಯೆಲ್ಲ ಈಗ ಇಬ್ಬರ ನಡುವೆ ಕೂತಿದ್ದ ಎಂಟು ವರ್ಷದ ಅರ್ಚನಾಳದು. ಅವಳಿಗೆ ಮಾತು ತೊದಲುತ್ತಿತ್ತು. ಕುರಿಯ ಹಿಂದೆ ಊರೂರು ಅಲೆಯುವಾಗ ಮೂರು ಶಾಲೆಗೆ ಸೇರಿಸಿದ್ದರು. ಅವಳ ಮಾತು ಮುಗಿಯುವ ತನಕ ಕಾಯುವವರು ಮೂರರಲ್ಲೂ ಸಿಗಲಿಲ್ಲ. ಈಗೀಗ ಯಾರು ಏನು ಕೇಳಿದರೂ ಅವಳು ಅಮ್ಮನ ಮುಖ ನೋಡುವುದು, ಅಮ್ಮ ಉತ್ತರ ಹೇಳುವುದು ರೂಢಿಯಾಗಿಬಿಟ್ಟಿತ್ತು.

ಗಂಟೆ ಹೊಡೆಯಿತು. ಮಕ್ಕಳು ನುಗ್ಗಿ ಬಂದು ವ್ಯಾನುಗಳಿಗೆ ಹತ್ತಿದರು. ಕೊನೆಗೆ ಬಂದ ಪುಟ್ಟ ಹುಡುಗಿಯ ಚೀಲದ ಜಿಪ್ಪು ಕಿತ್ತು ಪುಸ್ತಕಗಳೆಲ್ಲ ನೆಲಕ್ಕೆ ಬಿದ್ದವು. ಅವಳು ಕೂತು ಆಯುತ್ತಿದ್ದಳು. ಇಬ್ಬರು ಮೇಷ್ಟ್ರು ಮಾತಾಡಿಕೊಳ್ಳುತ್ತ ಪುಸ್ತಕ ದಾಟಿಕೊಂಡು ಹೋದರು. ಓಬಳೇಶ ಇಳಿದು ಅವನ್ನು ಎತ್ತಿಕೊಟ್ಟು ಬಂದು ಗಾಡಿ ಚಾಲೂ ಮಾಡಿದ. ಇಷ್ಟಕ್ಕೇ ಇಂಥ ಶಾಲೆಯನ್ನು ಬೇಡವೆನ್ನುತ್ತಾನಲ್ಲ ಎಂದು ರೇಣುಕಾ ಮನೆ ಮುಟ್ಟುವ ತನಕ ಮಾತು ಬಿಟ್ಟಳು.

ಮರುದಿನ ಕೊಟ್ಟೂರು. ಬಸ್ಸು ನಿಲ್ಲುವ ಜಾಗಕ್ಕೆ ಅಂಟಿಕೊಂಡಂತೆ ಒಂದು ಸರ್ಕಾರಿ ಶಾಲೆ. ಬ್ಯಾನರಿಲ್ಲ, ಗೋಡೆಯ ಬಣ್ಣವೂ ಅಷ್ಟಕ್ಕಷ್ಟೆ. ಮಕ್ಕಳೆಲ್ಲ ಹೋದ ಮೇಲೆ ಕೊನೆಗೆ ಬಂದವರು ಒಬ್ಬ ಟೀಚರು. ಗೇಟಿಗೆ ಬೀಗ ಹಾಕುತ್ತ ತಮ್ಮ ಹೆಸರು ತಿಪ್ಪೇರುದ್ರಮ್ಮ ಎಂದರು. ಹರಪನಹಳ್ಳಿಯಿಂದ ದಿನಾ ಓಡಾಡುತ್ತಾರಂತೆ. ಈಗಿನ ಬಸ್ಸು ತಪ್ಪಿದರೆ ಇನ್ನೊಂದಕ್ಕೆ ಒಂದು ತಾಸು ಕಾಯಬೇಕಂತೆ, ಏನಿದ್ದರೂ ಬೇಗ ಕೇಳಿಬಿಡಿ ಎಂದರು. ಆಮೇಲೆ ಅರ್ಚನಾಳನ್ನು ಕಂಡು ಅವಳ ಮುಂದೆ ಬಗ್ಗಿದರು.

"ನಿನ್ನ ಹೆಸರೇನವ್ವಾ?"

ಅರ್ಚನಾ ಅಮ್ಮನ ಮುಖ ನೋಡಿದಳು. ರೇಣುಕಾ ಬಾಯಿ ತೆರೆಯುವಷ್ಟರಲ್ಲಿ ಟೀಚರು ಕೈ ಅಡ್ಡ ಹಿಡಿದರು.

"ತಡೀರಿ, ಆಕೀನ ಹೇಳ್ತಾಳ."

"ಅ... ಅ..."

ಬಸ್ಸು ಬಂದು ನಿಂತಿತು. ಪರಿಚಯದ ಕಂಡಕ್ಟರು ಬಾಗಿಲಿನಿಂದ ಮೇಡಂ ಎಂದು ಕರೆದ. ಟೀಚರು ಹುಡುಗಿಯ ಮುಖದಿಂದ ಕಣ್ಣು ತೆಗೆಯಲಿಲ್ಲ. ಅವನು ಸೀಟಿ ಊದಿದ, ಬಸ್ಸು ಹೊರಟಿತು. ಅದರ ಧೂಳು ತಗ್ಗುವ ಹೊತ್ತಿಗೆ ಅರ್ಚನಾ ತನ್ನ ಹೆಸರನ್ನು ಪೂರ್ತಿ ಹೇಳಿದ್ದಳು. ರೇಣುಕಾಗೆ ಅಳು ಬಂತು. ಆ ಹೆಸರನ್ನು ಎಷ್ಟು ಸಲ ತಾನೇ ಅವಸರದಲ್ಲಿ ಹೇಳಿ ಮುಗಿಸಿದ್ದೇನೋ ಎಂದು ನಾಚಿಕೆಯೂ ಆಯಿತು.

"ಹೆಸರು ಚೆಂದ ಐತಿ. ಯಾವೂರವ್ವ ನಿಮ್ಮದು?"

ಹಡಗಲಿ ಹತ್ತಿರದ ಹಳ್ಳಿಯ ಹೆಸರು ರೇಣುಕಾಳ ನಾಲಿಗೆಯ ತುದಿಗೆ ಬಂದಿತ್ತು. ಅವಳು ತುಟಿ ಕಚ್ಚಿಕೊಂಡು ಸುಮ್ಮನಾದಳು.

"ಕೊ... ಕೊಟ್..." ಎಂದು ಅರ್ಚನಾ ಶುರು ಮಾಡಿದಳು. ದೊಡ್ಡವರು ಮೂವರೂ ನಿಂತು ಕಾದರು.