ಬೆಂಕಿರೇಖೆಗೆ ಬಂದ ಸಸಿಗಳು

ಫೆಬ್ರವರಿ ಹದಿನೇಳು, ಬೆಳಿಗ್ಗೆ ಹತ್ತೂಕಾಲು. ಸರ್ಕಾರಿ ಕಾಡಿನ ಅಂಚಿಗೆ ಸಸಿ ತುಂಬಿದ ಲಾರಿ ಬಂದು ನಿಂತಿತು. ಹಿಂದೆಯೇ ಬಂದ ಜೀಪಿನಿಂದ ಅರಣ್ಯಾಧಿಕಾರಿಯ ಭಾವ ಇಳಿದರು. ಅಕ್ಕನ ಗಂಡ ಎಂಬುದು ಮನೆಯಲ್ಲಿ. ಇಲ್ಲಿ ಅವರು ಕೇಂದ್ರ ಕಚೇರಿಯ ಅನುದಾನ ವಿಭಾಗದ ಮುಖ್ಯಸ್ಥರು.

ನಕ್ಷೆ ಬಿಚ್ಚಿ, ನೆಡಬೇಕಾದ ಜಾಗ ತೋರಿಸಿದರು. ಅರಣ್ಯಾಧಿಕಾರಿ ಒಮ್ಮೆ ನಕ್ಷೆಯನ್ನು, ಒಮ್ಮೆ ಭಾವನ ಮುಖವನ್ನು ನೋಡಿದಳು. ಅದು ಬೆಂಕಿರೇಖೆ. ಬೇಸಿಗೆಯಲ್ಲಿ ಹುಲ್ಲುಗುಡ್ಡದ ಮೇಲೆ ಏಳುವ ಬೆಂಕಿ ಹಳೆಯ ಕಾಡಿಗೆ ದಾಟದಿರಲೆಂದು ವರ್ಷವೂ ಗಿಡಗಂಟಿ ಸವರಿ, ತರಗೆಲೆ ಗುಡಿಸಿ, ಬೇಕೆಂದೇ ಬೋಳಾಗಿ ಇಟ್ಟ ಪಟ್ಟಿ. ಉಪಗ್ರಹದ ಚಿತ್ರ ನೋಡಿದವರಿಗೆ ಅದು ಕಾಡು ಕಳೆದುಕೊಂಡ ನೆಲವಾಗಿ ಕಂಡಿತ್ತು. ಅದನ್ನು ತುಂಬಲು ಹಣ ಮಂಜೂರಾಗಿತ್ತು.

ತಪ್ಪು ಅರ್ಥವಾಗಲು ಭಾವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಆದರೆ ತಿದ್ದಲು ಕಡತ ಹಿಂದಿರುಗಿದರೆ ಮಾರ್ಚ್ ಮುಗಿದು ಈ ವರ್ಷದ ಹಣ ಕೈತಪ್ಪಿದಂತೆಯೇ. ಬೆಂಕಿರೇಖೆ ಗುಡಿಸುವ ಕಾವಲುಗಾರರ ಕೂಲಿಯೂ ಅದರಲ್ಲೇ ಇತ್ತು. ಅವಳನ್ನು ಬದಿಗೆ ಕರೆದರು.

“ನೋಡಮ್ಮ, ಇವತ್ತು ನೆಟ್ಟು ಒಂದು ಫೋಟೋ ಕಳಿಸು. ನಾಳೆ ಕಿತ್ತುಹಾಕು. ನಾನಂತೂ ನೋಡೋಕೆ ಬರಲ್ಲ.”

“ನೆಟ್ಟಿದ್ದನ್ನ ಕೀಳೋಕೆ ನಿಮ್ಮ ಆಫೀಸಿನ ಅಪ್ಪಣೆ ಬೇಕು ಭಾವ. ಅದು ಬರೋಷ್ಟರಲ್ಲಿ ಬೆಂಕಿ ಬಂದು ಹೋಗಿರುತ್ತೆ.”

ಅಪ್ಪಣೆಗಳು ಮೇಜಿನ ಮೇಲೆ ಎಷ್ಟು ತಿಂಗಳು ನಿದ್ದೆ ಹೊಡೆಯುತ್ತವೆಂದು ಭಾವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಮನೆಯಲ್ಲೂ ನೀನು ಹೀಗೇ, ಹಿಡಿದ ಹಟ ಬಿಡುವವಳಲ್ಲ ಎಂದು ಗೊಣಗಿ ನಕ್ಷೆ ಮಡಚಿದರು.

ಅವಳು ಲಾರಿಯನ್ನು ಹಿಂದಕ್ಕೆ ಕಳಿಸಿದಳು. ಕಾವಲುಗಾರರನ್ನು ಕರೆದು, ಇದ್ದದ್ದು ಇದ್ದ ಹಾಗೆ ಹೇಳಿದಳು: ಮುಂದಿನ ತಿಂಗಳಿನಿಂದ ಕೂಲಿ ಬರುತ್ತದೆಂಬ ಖಾತ್ರಿಯಿಲ್ಲ, ಕೊಡಿಸಲು ಓಡಾಡುತ್ತೇನೆ, ಬಿಟ್ಟು ಹೋಗುವವರ ಮೇಲೆ ಬೇಸರವಿಲ್ಲ. ಮೂವರು ತಲೆ ತಗ್ಗಿಸಿ ಹೊರಟರು. ಐವರು ನಿಂತರು. ಅವರಲ್ಲಿ ಹಿರಿಯಳು ಸೆರಗು ಬಿಗಿದುಕೊಂಡಳು.

“ಬರೋ ಕಾಲದಲ್ಲಾದ್ರೂ ಕೂಲಿ ಯಾವತ್ತು ಹೊತ್ತಿಗೆ ಸರಿಯಾಗಿ ಬಂದಿತ್ತು, ಬಿಡಿ ಮೇಡಂ.”

ರೇಖೆಯ ಮೇಲೆ ಈ ವರ್ಷದ ತರಗೆಲೆ ಇನ್ನೂ ಹಾಗೇ ಬಿದ್ದಿತ್ತು. ಅರಣ್ಯಾಧಿಕಾರಿಯೂ ಪೊರಕೆ ಕೈಗೆತ್ತಿಕೊಂಡಳು. ಜೀಪಿನ ಬಾಗಿಲಲ್ಲಿ ಕಾಲಿಟ್ಟಿದ್ದ ಭಾವ ತಿರುಗಿ, “ಇಷ್ಟು ಜನ ಸೇರಿ ಎಷ್ಟು ಅಂತ ಗುಡಿಸ್ತೀರಿ?” ಎಂದರು.

“ಸಂಜೆ ಅಳೆದು ಹೇಳ್ತೀನಿ ಭಾವ.”

ಆರು ಗಂಟೆಗೆ ಟೇಪು ಹಿಡಿದು ಅಳೆದಳು. ಅಲ್ಲೇ ನಿಂತು ಭಾವನಿಗೆ ಫೋನು ಮಾಡಿದಳು. ಮುಗಿದದ್ದು ನಾನೂರ ಹತ್ತು ಮೀಟರ್. ಉಳಿದದ್ದು ಒಂಬತ್ತು ಕಿಲೋಮೀಟರ್.