ನೆಟ್ಟಿನಾಗ ಇಲ್ಲ

ನೂರೀನ ಒಣ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ನೆರೆಮನೆಯ ಶಾರದವ್ವ ತನ್ನ ಪಾಲಿನ ಚೀಲ ಮುಗಿಸಿ, ಕೈ ತೊಳೆದು, ಮೊಮ್ಮಗಳು ಕಾಂಚನಾಳನ್ನು ತೊಡೆಯ ಮೇಲೆ ಹಾಕಿಕೊಂಡು ಪಾದಕ್ಕೆ ಎಣ್ಣೆ ತಿಕ್ಕುತ್ತಿದ್ದಳು. ಕೂಸಿನ ಎಡಪಾದ ಹುಟ್ಟಿದಾಗಿನಿಂದ ಒಳಕ್ಕೆ ಸೊಟ್ಟ. ವರ್ಷದ ಮೇಲೆ ಮೂರು ತಿಂಗಳಾದರೂ ಎದ್ದು ನಿಂತಿರಲಿಲ್ಲ.

ಬೆಟಗೇರಿಯಿಂದ ಲಕ್ಷ್ಮೇಶ್ವರಕ್ಕೆ ಬಂದಿದ್ದ ನೂರೀನಳ ಅಕ್ಕನ ಮಗಳು ತಸ್ಲೀಮ ಆ ಪಾದವನ್ನೇ ನೋಡುತ್ತಿದ್ದಳು.

"ಯಾಕ್ರಿ ಅಮ್ಮಾ, ಇದಕ್ಕ ಪ್ಲಾಸ್ಟರ್ ಹಾಕ್ಸಿಲ್ಲೇನು?"

"ಐದು ವರ್ಷ ಆಗೂತನಕ ಏನೂ ಮಾಡಾಕ ಬರಂಗಿಲ್ಲಂತವಾ. ಆಮ್ಯಾಲ ದೊಡ್ಡ ಆಪರೇಷನ್ನಂತ. ನಿಮ್ಮ ಚಿಕ್ಕವ್ವ ಫೋನಿನ ನೆಟ್ಟಿನಾಗ ನೋಡಿ ಹೇಳ್ಯಾಳ." ಶಾರದವ್ವನ ದನಿಯಲ್ಲಿ ಹೆಮ್ಮೆಯಿತ್ತು. "ನಮ್ಮ ಓಣಿಗೆ ಆಕಿನ ಡಾಕ್ಟರ್, ಆಕಿನ ವಕೀಲ."

ತಸ್ಲೀಮ ತನ್ನ ಫೋನಿನಲ್ಲಿ ಒಂದು ವಿಡಿಯೋ ಹಚ್ಚಿದಳು. ಇಂಥದೇ ಪಾದ. ವಾರಕ್ಕೊಂದು ಹೊಸ ಪ್ಲಾಸ್ಟರ್, ವಾರವಾರಕ್ಕೂ ಅಷ್ಟಷ್ಟು ನೆಟ್ಟಗೆ. ಕೊನೆಗೆ ಆ ಕೂಸು ಅಂಗಳದ ತುಂಬ ಓಡಿತು. "ಹುಟ್ಟಿದ ಹತ್ತು ಹದಿನೈದು ದಿನಕ್ಕ ಶುರು ಮಾಡ್ತಾರ್ರಿ. ಸರಕಾರಿ ದವಾಖಾನ್ಯಾಗೂ ಮಾಡ್ತಾರ."

ಎಣ್ಣೆ ತಿಕ್ಕುತ್ತಿದ್ದ ಕೈ ನಿಂತಿತು.

"ಸುಳ್ಳ!" ಎಂದಳು ನೂರೀನ. "ನಾ ಎರಡು ಸಲ ಹುಡುಕೇನಿ. ಒಂದು ದೊಡ್ಡ ಖಾಸಗಿ ಆಸ್ಪತ್ರಿದಷ್ಟ ಬಂತು, ಐದು ವರ್ಷಕ್ಕ ಆಪರೇಷನ್ ಅಂತ ಅದ್ರಾಗ ಇತ್ತು. ಬ್ಯಾರೆ ಏನೂ ಇರಲಿಲ್ಲ. ಬೇಕಾದ್ರ ನೋಡು." ಕೈಗೆ ಖಾರ ಹತ್ತಿತ್ತು, ಗದ್ದ ಎತ್ತಿ ಗೋಡೆಯ ಗೂಡಿನಲ್ಲಿದ್ದ ಫೋನು ತೋರಿಸಿದಳು.

ತಸ್ಲೀಮ ಅದನ್ನು ತೆಗೆದು ನೋಡಿ ನಗಲು ಹೋದಳು. ನಗು ಅರ್ಧಕ್ಕೇ ನಿಂತಿತು. "ಖಾಲಾ, ಇದು ಸಿಮ್ ಕಂಪನಿಯವ್ರು ಕೊಟ್ಟ ಫ್ರೀ ನೆಟ್ ಪ್ಯಾಕು. ಅವ್ರಿಗೆ ಬೇಕಾದ ಮೂವತ್ತು ನಲವತ್ತು ವೆಬ್‌ಸೈಟು ಅಷ್ಟ ಇದ್ರಾಗ ತೆರಿತಾವ. ಉಳಿದ ನೆಟ್ಟೆಲ್ಲಾ ಬಂದ್."

"ಅಂಗಡಿ ಬಂದ್ ಇದ್ರ ಕೀಲಿಯರ ಕಾಣತೈತಿ. ಇದ್ರಾಗ ಅಂಗಡಿನ ಇಲ್ಲ ಅಂತ ತೋರಿಸ್ತಲ್ಲ!"

ತಸ್ಲೀಮ ಫೋನನ್ನು ಗೂಡಿಗೆ ಇಟ್ಟಳು. ಶಾರದವ್ವನ ಕಡೆ ತಿರುಗಿದಳು. "ಈಗೂ ಮಾಡಾಕ ಬರತೈತ್ರಿ. ವ್ಯಾಳೆ ಜಾಸ್ತಿ ಹಿಡಿತೈತಿ, ಕೂಸಿಗೆ ತ್ರಾಸೂ ಜಾಸ್ತಿ. ನಾಳೆ ನನ್ನ ಜೋಡಿ ಗದಗಿಗೆ ಬರ್ರಿ."

ಶಾರದವ್ವ "ಬರ್ತೀನವಾ" ಎಂದು ಕೂಸನ್ನು ಎದೆಗೆ ಅವಚಿಕೊಂಡು ಎದ್ದಳು. "ನೀ ಏನ ಮಾಡ್ತಿ ನೂರೀನಾ. ಕಂಡದ್ದು ಹೇಳಿದಿ," ಎಂದು ಹೊರಟುಹೋದಳು. ಬೈದಿದ್ದರೆ ಚೆನ್ನಾಗಿತ್ತು.

ನೂರೀನ ಮತ್ತೊಂದು ಮೆಣಸಿನಕಾಯಿ ಎತ್ತಿಕೊಂಡಳು. ಎರಡು ವರ್ಷದಿಂದ ಈ ಓಣಿಗೆ ಅವಳು ಎಷ್ಟು ಸಲ "ಇಲ್ಲ" ಎಂದಿದ್ದಳು! ಕರೀಮಸಾಬನ ಹೆಂಡತಿ ಕಣ್ಣಿನ ಪೊರೆ ತೆಗೆಯುವ ಶಿಬಿರ ಕೇಳಿದ್ದಳು. ಇಲ್ಲ. ತಿರಕಪ್ಪನ ಮಗಳು, ಗದಗಿನಲ್ಲಿ ಕಾಲೇಜಿಗೆ ಹೋಗುವ ಹುಡುಗಿಯರಿಗೆ ಸರಕಾರಿ ಹಾಸ್ಟೆಲ್ಲು ಐತೇನು ನೋಡಕ್ಕಾ ಎಂದು ಮೂರು ದಿನ ಬಂದಿದ್ದಳು. ನೂರೀನ ಮೂರು ದಿನವೂ ಇಲ್ಲ ಎಂದಿದ್ದಳು. ಆಮೇಲೆ, ಓದು ಬಿಡಿಸಿ ಮಾಡಿದ ಆ ಹುಡುಗಿಯ ಮದುವೆಯಲ್ಲಿ ಉಂಡೂ ಬಂದಿದ್ದಳು.

"ಏನ ಯೋಚನಿ ಖಾಲಾ?"

"ಚಾ ಆರತೈತಿ, ಕುಡಿ."

ನಾಳೆ ತಸ್ಲೀಮ, ಶಾರದವ್ವ ಗದಗಿನ ಬಸ್ಸು ಹತ್ತಿದ ಮೇಲೆ, ತಾನು ಹೇಳಿದ "ಇಲ್ಲ" ತಪ್ಪೆಂದು ಹೇಳಲು ಒಂದೊಂದೇ ಮನೆಗೆ ಹೋಗಬೇಕು. ಮೊದಲು ತಿರಕಪ್ಪನ ಮನೆಗೆ. ಹುಡುಗಿ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಎಂಟು ತಿಂಗಳ ಹೊಟ್ಟೆ ಹೊತ್ತು, ಬಾಗಿಲು ತೆಗೆಯಲು ಅವಳೇ ಬರುತ್ತಾಳೆ, "ಬಾ ಅಕ್ಕಾ" ಎಂದು ನಗುತ್ತ.